ಮೈತೆ ಅರಾನಾಳ ಪಿಕಪ್ಪಿಗೆ ಗಾಳಿ ಬಂದದ್ದು

ಐವತ್ತೆರಡನೆಯ ವಯಸ್ಸಿನವರೆಗೂ ಮೈತೆ ಅರಾನಾ ನಮ್ಮ ಆಲ್ಕಲೈ ವೆಲ್ಸ್ ಊರಿನ ಶಾಲೆಯ ಅಡುಗೆಯವಳಾಗಿದ್ದಳು. ಊರಿನ ಅರ್ಧ ಜನ ಅವಳ ಕೈಯ ಕೆಂಪು ಬೀನ್ಸಿನ ಸಾರು ತಿಂದು ಬೆಳೆದವರು. ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ ಅಡುಗೆಮನೆ ಮುಚ್ಚಿದ ವರ್ಷ, ಅವಳು ಯಾರನ್ನೂ ಕೇಳದೆ, ಹಿಂದೆ ಕೊಕ್ಕೆ, ಸರಪಳಿ, ಎತ್ತುವ ತೋಳು ಎಲ್ಲ ಇದ್ದ ಹಳೆಯ ಒಂದು ಟನ್ ಪಿಕಪ್ ಕೊಂಡು ತಂದು ಮನೆ ಮುಂದೆ ನಿಲ್ಲಿಸಿದಳು. ಕೆಟ್ಟು ನಿಂತ ವಾಹನಗಳನ್ನು ಎಳೆದು ತರುವ ಕೆಲಸ ಶುರುಮಾಡುತ್ತೇನೆ ಎಂದಳು. ಕೇಳಿದವರು ನಕ್ಕರು. ಅವಳ ತಮ್ಮ ಬೆನ್ಯಾತ್ ಎಲ್ಲರಿಗಿಂತ ಜೋರಾಗಿ ನಕ್ಕ. ಊರಿನ ಒಂದೇ ಟೈರ್ ಅಂಗಡಿ ಅವನದು.

ನಕ್ಕ ಊರವರಿಗೆ ಅವಳ ಅಪ್ಪನ ನೆನಪಿರಲಿಲ್ಲ. ಸಮುದ್ರದಾಚೆಯ ಬಾಸ್ಕ್ ಬೆಟ್ಟಗಳಿಂದ ಕುರಿ ಕಾಯಲು ಬಂದ ಅವರು ವರ್ಷದ ಎಂಟು ತಿಂಗಳು ಮಗಳನ್ನೂ ಕುರಿಹಿಂಡಿನ ಹಿಂದೆ ಕರೆದುಕೊಂಡು ತಿರುಗಿದ್ದರು. ಅಲ್ಲಿ ಏನು ಮುರಿದರೂ ಅಲ್ಲೇ ಸರಿಮಾಡಬೇಕು, ಅಂಗಡಿ ಎರಡು ದಿನದ ದಾರಿ. ಮೈತೆ ಹತ್ತನೆಯ ವಯಸ್ಸಿಗೇ ಗಾಡಿಯ ಚಕ್ರ ಬಿಚ್ಚಿ ಗ್ರೀಸ್ ಹಚ್ಚುತ್ತಿದ್ದಳು.

ನಮ್ಮ ಉತ್ತರ ನೆವಾಡಾದ ಮಣ್ಣುರಸ್ತೆಗಳಲ್ಲಿ ಚೂಪು ಕಲ್ಲು ವಿಪರೀತ. ಎಳೆದು ತರಲು ಕರೆಯುವವರಲ್ಲಿ ಮುಕ್ಕಾಲು ಪಾಲು ಟೈರ್ ಹೋದವರೇ. ಮೈತೆಯ ಹತ್ತಿರ ಪಿಕಪ್ಪಿನೊಳಗಿನ ಸಿಗರೇಟ್ ಹಚ್ಚುವ ತೂತಿಗೆ ಚುಚ್ಚುವ ಪುಟ್ಟ ಗಾಳಿಯಂತ್ರವೊಂದಿತ್ತು. ಹೋದ ಶರತ್ಕಾಲದಲ್ಲಿ ಒಣಕೆರೆಯ ಆಚೆ ಟೈರ್ ಹೋಗಿ ಒಂದು ಸಂಸಾರ ಸಿಕ್ಕಿಹಾಕಿಕೊಂಡಿತು. ಮೈತೆ ಟೈರಿಗೆ ತೇಪೆ ಹಾಕಿ ಗಾಳಿ ಬಿಡಲು ಕೂತರೆ ಆ ಯಂತ್ರ ಅವಳ ಕೈಯಲ್ಲೇ ಕರಗಿ ಹೊಗೆಯೆದ್ದಿತು. ಆ ಟೈರನ್ನು ಬಿಚ್ಚಿಕೊಂಡು, ಗಾಳಿ ತುಂಬಿಸಿ ತರಲು ಅರವತ್ತು ಮೈಲಿ ಹೋಗಿಬಂದಳು. ಅಷ್ಟು ಹೊತ್ತೂ ಆ ಸಂಸಾರದ ಮಕ್ಕಳು ಚಳಿಯಲ್ಲಿ ಕಾದಿದ್ದವು. ಮರುದಿನ ನಾನು ಕೆಲಸ ಮಾಡುವ ಬಿಡಿಭಾಗಗಳ ಅಂಗಡಿಗೆ ಬಂದು ಕೌಂಟರಿನ ಮೇಲೆ ಎರಡೂ ಕೈಯೂರಿದಳು.

"ಇಂಜಿನ್ನಿಗೇ ಕಟ್ಟೋ ಕಂಪ್ರೆಸರ್ ಬೇಕು ನನಗೆ," ಅಂದಳು. "ಬೆಲ್ಟ್ ತಿರುಗಿದ ಹಾಗೆ ಗಾಳಿ ಬರ್ತಾನೇ ಇರ್ಬೇಕು. ದೊಡ್ಡ ಲಾರಿ ಟೈರನ್ನೂ ತುಂಬಬೇಕು."

ಅಂಥದು ನಮ್ಮಲ್ಲಿ ಇರಲಿಲ್ಲ. ಆದರೆ ಒಂದು ವಿಷಯ ನನಗೆ ಗೊತ್ತಿತ್ತು. ನಲವತ್ತು ವರ್ಷದ ಹಿಂದಿನ ಕೆಲವು ಕಾರುಗಳ ಏಸಿ ಕಂಪ್ರೆಸರಿಗೆ ಹೊಟ್ಟೆಯಲ್ಲೇ ತನ್ನ ಎಣ್ಣೆ ಇರುತ್ತದೆ. ಅದಕ್ಕೆ ತಂಪು ಅನಿಲದ ಬದಲು ಹೊರಗಿನ ಗಾಳಿ ಕುಡಿಸಿದರೆ ದಣಿಯದೆ ಒತ್ತಿ ಕಳಿಸುತ್ತದೆ. ಇಷ್ಟು ಹೇಳಿದ್ದೇ ತಡ, ಅವಳು ಗುಜರಿ ಅಂಗಳಕ್ಕೆ ಹೊರಟೇಬಿಟ್ಟಳು. ಮೂರನೆಯ ಶನಿವಾರ, ಮೊಣಕೈವರೆಗೂ ಮಸಿ ಬಳಿದುಕೊಂಡು, ಚೌಕನೆಯ ಕಬ್ಬಿಣದ ಕಂಪ್ರೆಸರೊಂದನ್ನು ಮಗುವಿನ ಹಾಗೆ ಎದೆಗವಚಿಕೊಂಡು ಬಂದಳು. ಅದರ ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ ಬಾಯಿಂದ ಪುಸ್ ಪುಸ್ ಎಂದು ಗಾಳಿ ಬರುತ್ತಿತ್ತು. ಅಂಗಡಿಗೆ ಬಂದವರಿಗೆಲ್ಲ ಅದರ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿ ಎಂದು ಕೊಟ್ಟಳು.

ಚಳಿಗಾಲವೆಲ್ಲ ಬೆನ್ಯಾತನ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಅದೇ ಕೆಲಸ. ಪಿಕಪ್ಪಿನ ಸ್ವಂತ ಏಸಿ ಸತ್ತು ಎಷ್ಟೋ ವರ್ಷವಾಗಿತ್ತು. ಅದನ್ನು ಬಿಚ್ಚಿ ಆ ಜಾಗದಲ್ಲಿ ಇದನ್ನು ಕೂರಿಸಬೇಕು. ದಪ್ಪ ಕಬ್ಬಿಣದ ತಗಡು ಕೊಯ್ದು ಆಸರೆ ಮಾಡಿದಳು. ಮೊದಲ ಸಲ ಚಾಲೂ ಮಾಡಿದಾಗ ಹತ್ತೇ ನಿಮಿಷದಲ್ಲಿ ಬೆಲ್ಟ್ ಚಿಂದಿಯಾಯಿತು. ಬೆಲ್ಟ್ ಸುತ್ತುವ ಚಕ್ರಗಳೆರಡೂ ಒಂದೇ ಗೆರೆಯಲ್ಲಿರಲಿಲ್ಲ, ಒಂದು ಬೆರಳಿನಷ್ಟು ವ್ಯತ್ಯಾಸ. ಬೆನ್ಯಾತನಿಗೆ ಅದೊಂದು ಹಬ್ಬ.

"ಅಕ್ಕಾ, ಸಾರಿಗೆ ಉಪ್ಪು ಕಮ್ಮಿ ಆದ್ರೆ ಆಮೇಲೆ ಹಾಕ್ಬೋದು. ಇದು ಹಂಗಲ್ಲ ಕಣೆ."

"ನಿನ್ನ ಟೈರ್ ಅಂಗಡೀಲಿ ಹನ್ನೆರಡು ವರ್ಷದಿಂದ ಆ ಬಾಗಿಲು ಸರಿಯಾಗಿ ಮುಚ್ಚಲ್ಲ. ಮೊದ್ಲು ಅದನ್ನ ನೋಡ್ಕೋ ಹೋಗು," ಎಂದು ಮೈತೆ ತಲೆಯೆತ್ತದೆ ಹೇಳಿದಳು.

ಆಸರೆಯನ್ನು ಮತ್ತೆ ಕೊಯ್ದು, ನೇರಪಟ್ಟಿ ಹಿಡಿದು ಗೆರೆ ಕೂಡಿಸಿ, ನನ್ನಿಂದ ಇನ್ನೊಂದು ಬೆಲ್ಟ್ ಒಯ್ದಳು. ಪಿಕಪ್ಪಿನ ಹಿಂದೆ ಸಾಮಾನು ಹೇರುವ ತೊಟ್ಟಿಯ ಕೆಳಗೆ, ಗಾಳಿ ತುಂಬಿಡಲು ಹತ್ತು ಗ್ಯಾಲನ್ನಿನ ಟ್ಯಾಂಕು ತೂಗುಹಾಕಿದಳು. ಕಂಪ್ರೆಸರಿನಿಂದ ಬರುವ ಗಾಳಿ ಕೆಂಡದಷ್ಟು ಬಿಸಿ, ರಬ್ಬರ್ ಪೈಪು ತಡೆಯುವುದಿಲ್ಲವೆಂದು ಉಕ್ಕಿನ ತಂತಿ ಹೆಣೆದ ಪೈಪು ಎಳೆದಳು. ನೂರಿಪ್ಪತ್ತು ಪೌಂಡು ಒತ್ತಡ ಬಂದಾಗ ತಾನೇ ನಿಲ್ಲುವ ಸ್ವಿಚ್ಚು, ಅದು ಕೈಕೊಟ್ಟರೆ ಗಾಳಿ ಹೊರಬಿಡುವ ಕವಾಟ, ಐವತ್ತು ಅಡಿ ಉದ್ದದ ಕೆಂಪು ಪೈಪಿನ ಸುರುಳಿ. ಒಂದೊಂದು ಜೋಡಿಸಿದಾಗಲೂ ನಮ್ಮ ಅಂಗಡಿಗೆ ಫೋನ್ ಬರುತ್ತಿತ್ತು. ಮಾರ್ಚ್ ಕೊನೆಯ ಹೊತ್ತಿಗೆ ನನಗೂ ಅದರ ಹುಚ್ಚು ಹಿಡಿದು, ಊಟದ ಬಿಡುವಿನಲ್ಲಿ ಸ್ಯಾಂಡ್‌ವಿಚ್ ಕೈಯಲ್ಲೇ ಹಿಡಿದು ಶೆಡ್ಡಿಗೆ ಓಡುತ್ತಿದ್ದೆ.

ಎರಡನೆಯ ಸಲ ಚಾಲೂ ಮಾಡಿದ ದಿನ ನಾವು ಮೂವರೂ ಮೀಟರಿನ ಮೇಲೆ ಬಾಗಿ ನಿಂತಿದ್ದೆವು. ಮುಳ್ಳು ಇಪ್ಪತ್ತು ದಾಟಿತು, ಐವತ್ತು ದಾಟಿತು, ತೊಂಬತ್ತರಲ್ಲಿ ಯಾಕೋ ತಡೆದು ನಿಂತಿತು. ಮೈತೆ ಸೋಪಿನ ನೀರು ತಂದು ಜೋಡಣೆಗಳಿಗೆಲ್ಲ ಹಚ್ಚಿದಳು. ಟ್ಯಾಂಕಿನ ಹತ್ತಿರದ ಒಂದು ತಿರುಪಿನ ಸುತ್ತ ಬುರುಗು ಗುಳ್ಳೆಗುಳ್ಳೆಯಾಗಿ ಉಬ್ಬಿತು. ಕಾಲು ಸುತ್ತು ಬಿಗಿದಳು. ಮುಳ್ಳು ನೂರಿಪ್ಪತ್ತಕ್ಕೆ ಹೋಗಿ, ಕಂಪ್ರೆಸರ್ ಟಕ್ ಎಂದು ತಾನೇ ನಿಂತಿತು. ಬೆನ್ಯಾತ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಮೈತೆ ಶೆಡ್ಡಿನೊಳಗೇ ಒಂದು ಸುತ್ತು ಕುಣಿದಳು.

ಮರುದಿನ ಬೆಳಿಗ್ಗೆ ಪರೀಕ್ಷೆಗೆಂದು ಪಿಕಪ್ಪನ್ನು ಹಳ್ಳಕೊಳ್ಳದ ರಸ್ತೆಯಲ್ಲಿ ಓಡಿಸಿ ನೋಡೋಣ ಎಂದು ನನ್ನನ್ನೂ ಹತ್ತಿಸಿಕೊಂಡಳು. ಊರಿಂದ ಒಂಬತ್ತು ಮೈಲಿ ಹೋಗಿ ರೈಲುಹಳಿ ದಾಟುವ ಕಡೆಗೆ ತಿರುಗಿದರೆ, ಹಳಿಯ ಮೇಲೆ ಲಾರಿಯೊಂದು ನಿಂತಿತ್ತು. ಮೂತಿ ನಮ್ಮ ಕಡೆಗೆ, ಹಿಂದಿನ ಚಕ್ರಗಳು ಸರಿಯಾಗಿ ಹಳಿಗಳ ನಡುವೆ. ಬಲೆ ಹೊದಿಸಿದ ನೂರಿಪ್ಪತ್ತು ಜೇನುಪೆಟ್ಟಿಗೆಗಳ ಹೊರೆ. ಅಲ್ಲಿ ಗೇಟಿಲ್ಲ, ಒಂದು ಫಲಕ ಮಾತ್ರ. ಲಾರಿಯವನು ಆರ್ಲೋ ಪೆಟಿಟ್ ಎಂಬ ಜೇನುಸಾಕಣೆಯವನು, ಬಾದಾಮಿ ತೋಟಗಳ ಹೂವಿಗೆ ಹುಳ ಬಿಡುವ ಕೆಲಸ ಮುಗಿಸಿ ಇಡಾಹೋಗೆ ಹೊರಟಿದ್ದ. ನಮ್ಮನ್ನು ಕಂಡು ಎರಡೂ ಕೈ ಬೀಸುತ್ತ ಓಡಿಬಂದ.

ಇಳಿಜಾರಿನಲ್ಲೇ ಬ್ರೇಕಿನ ಗಾಳಿ ಕಡಿಮೆಯಾಗಿದೆ ಎಂಬ ಗಂಟೆ ಹೊಡೆದುಕೊಂಡಿತ್ತಂತೆ. ಸಮತಟ್ಟು ಸಿಕ್ಕಮೇಲೆ ನಿಲ್ಲಿಸೋಣ ಎಂದು ಬಂದವನಿಗೆ ಹಳಿಯ ಮೇಲೆಯೇ ಚಕ್ರಗಳು ಹಿಡಿದುಕೊಂಡವು. ದೊಡ್ಡ ಲಾರಿಗಳಿಗೆ ಬ್ರೇಕ್ ಬಿಡಿಸುವುದೇ ಗಾಳಿ, ಅದು ಖಾಲಿಯಾದರೆ ಬ್ರೇಕು ತಾನಾಗಿ ಕಚ್ಚಿಕೊಳ್ಳುತ್ತದೆ. ಇಂಜಿನ್ ಓಡುತ್ತಿತ್ತು, ಆದರೆ ಅದರಿಂದ ಟ್ಯಾಂಕಿಗೆ ಗಾಳಿ ಒಯ್ಯುವ ಕೊಳವೆ ಒಡೆದಿತ್ತು.

ಮೈತೆ ಮೊದಲು ಕಂಬದ ಮೇಲಿನ ನೀಲಿ ಫಲಕ ತೋರಿಸಿ ಅಲ್ಲಿರುವ ರೈಲ್ವೆಯವರ ನಂಬರಿಗೆ ಫೋನ್ ಮಾಡಲು ನನಗೆ ಹೇಳಿದಳು. ಆ ಕಡೆಯ ಹೆಂಗಸು ಗಾಬರಿಯಾಗದ ದನಿಯಲ್ಲಿ ಹೇಳಿದ್ದು ಇಷ್ಟು: ಪಶ್ಚಿಮದಿಂದ ಸರಕಿನ ರೈಲೊಂದು ಬರುತ್ತಿದೆ, ಚಾಲಕನಿಗೆ ತಿಳಿಸುತ್ತೇನೆ, ಹೊರೆ ಹೆಚ್ಚಿದೆ, ನಿಲ್ಲಲು ಒಂದು ಮೈಲಿಗೂ ಮಿಕ್ಕಿ ಬೇಕು, ನೀವೆಲ್ಲ ಹಳಿಯಿಂದ ದೂರ ಹೋಗಿ.

ಅದನ್ನು ಮೈತೆಗೆ ಹೇಳಿದೆ. ಕಚ್ಚಿ ನಿಂತ ಆ ಲಾರಿಯನ್ನು ನಮ್ಮ ಪಿಕಪ್ ಎಳೆಯುವ ಮಾತೇ ಇರಲಿಲ್ಲ. ಅವಳು ಆಗಲೇ ಪಿಕಪ್ಪನ್ನು ರಸ್ತೆಯ ಪಕ್ಕದ ಪೊದೆಗಳಿಗೆ ನುಗ್ಗಿಸಿ, ಕೆಂಪು ಪೈಪನ್ನು ಬಿಚ್ಚುತ್ತಿದ್ದಳು.

"ನೀನು ಒಳಗೆ ಕೂತು ಎಕ್ಸಲೇಟರ್ ಒತ್ತಿ ಹಿಡ್ಕೋ. ಕಣ್ಣು ಹಳಿ ಮೇಲಿರ್ಲಿ. ರೈಲು ಕಂಡ್ರೆ ಹಾರ್ನ್ ಹೊಡಿ, ನಾವು ಬಿಟ್ಟು ಓಡ್ತೀವಿ."

ಆರ್ಲೋನ ಲಾರಿಯ ಟ್ಯಾಂಕಿಗೆ ಹೊರಗಿನಿಂದ ಗಾಳಿ ತುಂಬುವ ಪುಟ್ಟ ಮೂತಿಯಿತ್ತು. ಪೈಪು ಅಲ್ಲಿಗೆ ಸಿಕ್ಕಿಸಿ, ಅವನನ್ನು ಚಾಲಕನ ಸೀಟಿಗೆ ಕಳಿಸಿ, ಮೀಟರ್ ಓದು, ಅರವತ್ತರ ಹತ್ತಿರ ಬಂದರೆ ಬ್ರೇಕು ಬಿಡುತ್ತದೆ ಎಂದಳು. ನಾನು ಎಕ್ಸಲೇಟರ್ ಒತ್ತಿದೆ. ಕಂಪ್ರೆಸರ್ ಗಡಗಡ ಎಂದು ಹಿಡಿದುಕೊಂಡಿತು, ಇಡೀ ಪಿಕಪ್ ನಡುಗಿತು. ನಮ್ಮ ಟ್ಯಾಂಕಿನ ಗಾಳಿ ಒಂದೇ ಗುಟುಕಿಗೆ ಮುಗಿಯಿತು. ಆಮೇಲೆ ಆ ಹಳೆಯ ಕಬ್ಬಿಣದ ಕಂಪ್ರೆಸರೇ ಗತಿ.

"ಇಪ್ಪತ್ತು," ಎಂದು ಆರ್ಲೋ ಕೂಗಿದ. ಬಹಳ ಹೊತ್ತಿನ ಮೇಲೆ, "ಮೂವತ್ತೈದು." ಬಲೆಯೊಳಗೆ ಜೇನುಹುಳಗಳ ಮೊರೆತ ಇಂಜಿನ್ನಿನ ಸದ್ದನ್ನೂ ಮೀರಿ ಕೇಳುತ್ತಿತ್ತು. ಬೆಲ್ಟ್ ನಾನು ಕೊಟ್ಟದ್ದು, ಹಾಗಾಗಿ ನನ್ನ ಜೀವವೆಲ್ಲ ಆ ಬೆಲ್ಟಿನಲ್ಲಿತ್ತು. "ಐವತ್ತು," ಎಂದ.

ಆಗ ಪಶ್ಚಿಮದಲ್ಲಿ, ಹಳಿಗಳೆರಡೂ ಕೂಡುವ ಕಡೆ, ಒಂದು ಬೆಳಕಿನ ಚುಕ್ಕಿ ಕಂಡಿತು. ಹಾರ್ನ್ ಒತ್ತಿ ಹಿಡಿದೆ. ಮೈತೆ ಓಡಲಿಲ್ಲ. ಒಮ್ಮೆ ಆ ಕಡೆ ನೋಡಿದಳು, ದೂರ ಅಳೆದಳು, ಲಾರಿಯ ಬಾಗಿಲಿಗೆ ಕೈ ಹಚ್ಚಿ ನಿಂತಳು.

"ಐವತ್ತೆಂಟು. ಅಮ್ಮಾ, ನೀವು ಹೋಗಿ," ಎಂದ ಆರ್ಲೋ.

"ಬ್ರೇಕ್ ಬಿಡಿಸೋ ಗುಂಡಿ ಒತ್ತಿ ನೋಡು."

"ಗುಂಡಿ ನಿಲ್ತಿಲ್ಲ, ವಾಪಸ್ ಬರ್ತಿದೆ."

"ಒತ್ತೇ ಹಿಡ್ಕೋ. ಗೇರ್ ಹಾಕಿರು."

ನಾನು ಎಕ್ಸಲೇಟರನ್ನು ನೆಲಕ್ಕೆ ತಾಗುವಷ್ಟು ತುಳಿದೆ. ಚುಕ್ಕಿ ಈಗ ದೀಪವಾಗಿತ್ತು, ಬ್ರೇಕ್ ಹಾಕಿದ ಗಾಲಿಗಳ ಕಿರುಚಾಟ ಕೇಳತೊಡಗಿತ್ತು. ಅಷ್ಟರಲ್ಲಿ ಲಾರಿಯ ಅಡಿಯಿಂದ 'ಉಸ್' ಎಂಬ ದೀರ್ಘವಾದ ನಿಟ್ಟುಸಿರು ಬಂತು. ಬ್ರೇಕು ಬಿಟ್ಟಿತು. ಮೈತೆ ಪಕ್ಕಕ್ಕೆ ಹಾರಿ "ಹೋಗು" ಎಂದಳು. ಲಾರಿ ಜಿಗಿದು ಮುಂದೆ ಬಂತು, ನನ್ನ ಕಿಟಕಿಯ ಪಕ್ಕದಲ್ಲೇ ದಾಟಿತು, ಕೆಂಪು ಪೈಪು ಬಿಗಿದುಕೊಂಡು ಪಟಾರನೆ ಹರಿಯಿತು. ಮೈತೆ ಪೊದೆಗಳ ನಡುವೆ ನನ್ನ ಕಡೆ ಓಡಿಬರುತ್ತಿದ್ದಳು.

ರೈಲು ಬಂದಾಗ ಹಳಿ ಖಾಲಿಯಿತ್ತು. ಜೋರಾಗಿಯೇನೂ ಬರಲಿಲ್ಲ, ಮನುಷ್ಯ ಓಡುವಷ್ಟು ವೇಗದಲ್ಲಿ ಕಿರುಚುತ್ತ ದಾಟಿ, ಎಂಟು ಹತ್ತು ಡಬ್ಬಿ ಆಚೆ ಹೋಗಿ ನಿಂತಿತು. ಅಷ್ಟು ನಿಧಾನವಾದರೂ ಜೇನುಪೆಟ್ಟಿಗೆಗಳನ್ನು ಪುಡಿಮಾಡಲು ಸಾಕಿತ್ತು. ರೈಲಿನ ಚಾಲಕ ಕಿಟಕಿಯಿಂದ ತಲೆ ಹೊರಹಾಕಿ ಹಿಂದಕ್ಕೆ ನೋಡಿದ. ಮೈತೆ ಕೈಯೆತ್ತಿದಳು. ಅವನೂ ಎತ್ತಿದ. ಆರ್ಲೋ ಲಾರಿಯಿಂದಿಳಿದವನು ರಸ್ತೆಯ ಮೇಲೆಯೇ ಕೂತುಬಿಟ್ಟ. ಮೈತೆಗೆ ನಗು ಬಂತು. ನಗುತ್ತ ನಗುತ್ತ ಅವಳೂ ಅವನ ಪಕ್ಕದಲ್ಲೇ ಕೂತಳು.

ಮಧ್ಯಾಹ್ನ ಬೆನ್ಯಾತ್ ಅಲ್ಲಿಗೇ ಬಂದು ಲಾರಿಯ ಒಡೆದ ಕೊಳವೆ ತೆಗೆದು ಹೊಸದನ್ನು ಹಾಕಿಕೊಟ್ಟ. ಆಮೇಲೆ ನಮ್ಮೂರಿನ ಉದ್ದ ಮೇಜುಗಳ ಊಟದ ಮನೆಯಲ್ಲಿ ಎಲ್ಲರ ನಡುವೆ ಕೂತು ಆರ್ಲೋ ಎರಡು ಸಲ ಕುರಿಮಾಂಸ ಹಾಕಿಸಿಕೊಂಡ. ಮೈತೆಗೆ ಕೂತು ತಿನ್ನಲಾಗಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ಹೋಗಿ ಗಾಳಿ ಮೂವತ್ತೈದರಿಂದ ಐವತ್ತೆಂಟಕ್ಕೆ ಏರಿದ ಕತೆ ಹೇಳಿದಳು. ಬೆನ್ಯಾತ್ ಅದನ್ನು ಕೇಳದವರಿಗೆಲ್ಲ ಮತ್ತೆ ಹೇಳಿದ, "ನಮ್ಮಕ್ಕ" ಎಂದೇ ಶುರುಮಾಡಿ.

ಸೋಮವಾರ ನಾನು ಅಂಗಡಿಯ ಬೀಗ ತೆಗೆಯುವ ಮೊದಲೇ ಅವಳು ಬಾಗಿಲಲ್ಲಿದ್ದಳು, ಕೈಯಲ್ಲಿ ಅಳತೆಪಟ್ಟಿ. ತೊಟ್ಟಿಯ ಎಡಗಡೆ ಇನ್ನೂ ಹದಿನೆಂಟು ಅಂಗುಲ ಜಾಗವಿದೆ, ಅಲ್ಲಿ ಇನ್ನೊಂದು ಟ್ಯಾಂಕು ಕೂರುತ್ತದೆ, ಪೈಪು ಈ ಸಲ ನೂರಡಿಯದು ಬೇಕು ಎಂದಳು.