ಅತ್ತೆ ಉಜ್ಜಿದ ಡ್ರ್ಯಾಗನ್

ನಮ್ಮ ಬೀದಿಯ ಟೈಲರ್‌ಗೆ ಎಲ್ಲರೂ ಇಟ್ಟ ಹೆಸರು ಡ್ರ್ಯಾಗನ್ ಮಾಸ್ಟರ್. ಊರವರಿಗೆಲ್ಲ ಜೇಬು ಹೊಲಿದುಕೊಡುವ ಈ ಮಹಾಶಯನ ಸ್ವಂತ ಜೇಬು ಸದಾ ಖಾಲಿ. ಬಂದದ್ದೆಲ್ಲ ಪೂರ್ವದೇಶಗಳ ಡ್ರ್ಯಾಗನ್ ಅಚ್ಚೊತ್ತಿದ ಬೆಳ್ಳಿ ನಾಣ್ಯಗಳ ಪಾಲು. ಕೋಟಿನ ಅಸ್ತರಿನ ಬಟ್ಟೆಯಿಂದ ಅವಕ್ಕೆ ಮೆತ್ತನೆ ಹಾಸಿಗೆ ಬೇರೆ ಹೊಲಿದಿದ್ದ. ತನ್ನ ದಿಂಬಿನ ಹತ್ತಿ ಹೊರಬಂದಿದ್ದರೂ ಅದಕ್ಕೊಂದು ಹೊಲಿಗೆ ಹಾಕಲು ಪುರುಸೊತ್ತಿರಲಿಲ್ಲ.

ಜೊತೆಗೇ ಇದ್ದ ಅತ್ತೆಗೆ ಇದನ್ನು ಕಂಡರೆ ಮೈಯೆಲ್ಲ ಉರಿ. "ಅಳಿಯಂದ್ರೇ, ಕಾಲಿರೋ ಹಾವಿಗೆ ಇಷ್ಟು ಉಪಚಾರ ಯಾಕೆ?" ಎಂದು ದಿನಾ ಚುಚ್ಚುತ್ತಿದ್ದರು.

ಒಂದು ನಾಣ್ಯದ ಮೇಲೆ ಮಾತ್ರ ಮಾಸ್ಟರ್ ಜೀವವನ್ನೇ ಇಟ್ಟುಕೊಂಡಿದ್ದ. ವರ್ಷಗಳ ಗಾಳಿಗೆ ಕಂದಿ, ಅದರ ಡ್ರ್ಯಾಗನ್ನಿನ ಬೆನ್ನಿನುದ್ದಕ್ಕೂ ನೀಲಿ, ನೇರಳೆ, ಹೊಂಬಣ್ಣ ತಾನಾಗಿಯೇ ಮೂಡಿತ್ತು. ನಾಣ್ಯ ಕೂಡಿಸುವವರು ಇಂಥ ಬಣ್ಣಕ್ಕೆ ಪ್ರಾಣ ಬಿಡುತ್ತಾರೆ. ಉಜ್ಜಿದರೆ ಮುಗಿಯಿತು, ಮತ್ತೆ ಬಾರದು. ನಾಣ್ಯ ಸಂಘದಲ್ಲಿ ಇಷ್ಟು ವರ್ಷ ಅವನಿಗೆ ಸಿಕ್ಕಿದ್ದು ಹಿಂದಿನ ಬೆಂಚು, ಜೊತೆಗೆ ಸದಸ್ಯರ ಕಿತ್ತುಹೋದ ಗುಂಡಿ ಹಾಕುವ ಕೆಲಸ. ಈ ಭಾನುವಾರ ಆ ಡ್ರ್ಯಾಗನ್ ತೋರಿಸಿ ಮುಂದಿನ ಕುರ್ಚಿ ಏರಲೇಬೇಕೆಂದು ಹಠ ತೊಟ್ಟಿದ್ದ.

ಭಾನುವಾರ ಪೆಟ್ಟಿಗೆ ತೆರೆದರೆ ಡ್ರ್ಯಾಗನ್ ಹೊಸ ಚಮಚದ ಹಾಗೆ ಫಳಫಳ.

"ನಾಲ್ಕು ಜನರ ಮುಂದೆ ನಿಮ್ಮ ಮರ್ಯಾದೆ ಹೋಗಬಾರ್ದು ಅಂತ ನಾನೇ ಉಜ್ಜಿದೆ," ಎಂದರು ಅತ್ತೆ. "ಪೇಸ್ಟ್ ಹಾಕಿ, ಹಳೇ ಬ್ರಷ್ ತಗೊಂಡು, ಹಲ್ಲು ಉಗುರು ಒಂದೂ ಬಿಡದ ಹಾಗೆ. ಪಾಪ, ಸುಮ್ನೆ ಬೈತಿದ್ದೆ. ಹತ್ರದಿಂದ ನೋಡಿದ್ರೆ ಮುಖ ಲಕ್ಷಣವಾಗೇ ಇದೆ."

ಮಾಸ್ಟರನಿಗೆ ಅಳುವೂ ಬಂತು, ಕೋಪವೂ ಬಂತು. ಆದರೆ ಅತ್ತೆಯ ಬೆರಳ ತುದಿಗಳು ಉಜ್ಜಿ ಉಜ್ಜಿ ಕೆಂಪಾಗಿದ್ದವು. ಸಾಲದ್ದಕ್ಕೆ ಒಳ್ಳೆಯ ಚಪ್ಪಲಿ ಮೆಟ್ಟಿ ಸಂಘಕ್ಕೆ ತಾವೂ ಹೊರಟು ನಿಂತಿದ್ದರು. ಅವನು ಪೆಟ್ಟಿಗೆ ಮುಚ್ಚಿ ಕಂಕುಳಲ್ಲಿಟ್ಟುಕೊಂಡು ಅವರ ಜೊತೆ ಹೊರಟ.

ಸಂಘದ ಅಧ್ಯಕ್ಷರು ಭೂತಗನ್ನಡಿ ಹಿಡಿದು ನೋಡಿದರು. "ಅಯ್ಯಯ್ಯೋ! ಯಾರ್ರೀ ಇದನ್ನ ಉಜ್ಜಿದ್ದು?"

ಅತ್ತೆ ಹೊಗಳಿಕೆಗೆ ಸಿದ್ಧರಾಗಿ ಕತ್ತು ನೀಳ ಮಾಡಿದರು. ಮಾಸ್ಟರ್ ತಟ್ಟನೆ ಅಡ್ಡ ಬಂದ. "ನಾನೇ ಸಾರ್."

ಸಭೆಯೆಲ್ಲ ಲೊಚಗುಟ್ಟಿತು. ಹಿಂದಿನ ಬೆಂಚೇ ಗತಿ ಎಂಬುದು ಖಾತ್ರಿಯಾಯಿತು.

"ಸುಳ್ಳು!" ಅತ್ತೆ ಗುಡುಗಿದರು. "ಇವರು ತಿಂದ ತಟ್ಟೆ ತೊಳೆದವರಲ್ಲ. ಉಜ್ಜಿದ್ದು ನಾನು. ಮುಂದಿನ ಸಲ ಬ್ರಷ್ಷು ಇಲ್ಲಿಗೇ ತರ್ತೀನಿ, ನಿಮ್ಮೆಲ್ಲರದ್ದೂ ತೆಗೆದಿಡಿ."

ಪೆಟ್ಟಿಗೆಗಳೆಲ್ಲ ಟಪಟಪನೆ ಮುಚ್ಚಿಕೊಂಡವು. ಅಧ್ಯಕ್ಷರು ತಮ್ಮದನ್ನು ಎದೆಗವಚಿಕೊಂಡು ಮಾಸ್ಟರನ ಕಿವಿಯಲ್ಲಿ ಉಸುರಿದರು: "ಮುಂದಿನ ಕುರ್ಚಿ ನಿಮ್ಗೇ ಕೊಡ್ತೀನಿ. ಅತ್ತೆಯವರನ್ನ ಮಾತ್ರ ಮನೇಲಿ ಬಿಟ್ಟು ಬನ್ನಿ."

ಮಾಸ್ಟರ್ ಆ ಕುರ್ಚಿಯನ್ನೊಮ್ಮೆ, ಕೆಂಪಗಾದ ಬೆರಳುಗಳನ್ನೊಮ್ಮೆ ನೋಡಿದ.

"ಬೇಡ ಸಾರ್. ಹಿಂದಿನ ಬೆಂಚಲ್ಲಿ ಇಬ್ಬರಿಗೆ ಜಾಗ ಇದೆ."