ಮಾಳಿಗೆಯ ಮೇಲಿನ ಪರಾತ

ಮೊಮ್ಮಗಳು ಬರುತ್ತಾಳೆಂದರೆ ಸವದತ್ತಿಯ ನಮ್ಮ ಮನೆಯಲ್ಲಿ ಹಿಂದಿನ ದಿನವೇ ಹೂರಣ ರುಬ್ಬಿ ಇಡುತ್ತಿದ್ದೆ. ಎಪ್ಪತ್ತರ ದಶಕದ ಮಾತು. ಅವಳು ಧಾರವಾಡದಲ್ಲಿ ಕಲ್ಲು-ಮಣ್ಣಿನ ಶಾಸ್ತ್ರ ಓದುತ್ತಿದ್ದಳು. ಎರಡನೇ ಇಯತ್ತೆಗೇ ಸಾಲಿ ಬಿಟ್ಟ ನನಗೆ ಕಲ್ಲನ್ನೂ ಓದಬಹುದೆಂದು ಗೊತ್ತಾದದ್ದು ಅವಳಿಂದ. ಓದು ಹೆಚ್ಚಾದಂತೆ ಬರುವುದು ಕಡಿಮೆಯಾಯಿತು. ಸಂಜೆ ಧಾರವಾಡದ ಬಸ್ಸಿನ ಹೊತ್ತಿಗೆ ನಾನು ಸುಮ್ಮನೆ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಬಂದವಳೇ ನನ್ನ ಹಿತ್ತಾಳೆ ಪರಾತ ಕೇಳಿದಳು. ಹಬ್ಬಕ್ಕೆ ಕಣಕ ನಾದುವ ಅಗಲವಾದ ತಟ್ಟೆ ಅದು. ಮಾಳಿಗೆಯ ಮೇಲಿಟ್ಟು ನೀರು ತುಂಬಿದಳು.

“ಏನ್ ಹಿಡಿಯಾಕಿ ಇದರಾಗ?”

“ಧೂಳಿ, ಆಯಿ. ಆಕಾಶದಾಗಿನ ಚುಕ್ಕಿಗಳ ನಡುವಿಂದ ಬರೂ ಧೂಳಿ.”

“ಧೂಳಿ ಬೇಕಂದ್ರ ಬಸ್‌ಸ್ಟ್ಯಾಂಡಿನಾಗ ನಿಂದರಬೇಕಿತ್ತು.”

ನಕ್ಕಳು. ಒಂದು ತಿಂಗಳು ನೀರು ಆರದಂತೆ ನೋಡಿಕೋ ಎಂದಳು. ದಿನಾ ನೀರು ಹಾಕುವುದನ್ನು ನಾನು ನೆಗೆಣ್ಣಿಗೆ, ನನ್ನ ಮೈದುನನ ಹೆಂಡತಿಗೆ, ಒಪ್ಪಿಸಿದೆ. ಆ ಧೂಳಿಯಲ್ಲಿ ಏನೇನಿದೆಯೆಂದು ತೋರಿಸಿದರೆ ಮಾತ್ರ ಅವಳ ವರ್ಷದ ಕೆಲಸವನ್ನು ಕಾಲೇಜಿನವರು ಒಪ್ಪುವುದಿತ್ತು.

ತಿಂಗಳ ಮೇಲೆ ಬಂದು ನೋಡಿದರೆ ಪರಾತದ ನೀರು ಕನ್ನಡಿಯಂತಿತ್ತು. ಧೂಳಿಯಲ್ಲಿನ ಕಬ್ಬಿಣ ಹಿಡಿಯಲು ತಂದ ಚುಂಬಕಕ್ಕೆ ಒಂದು ಕಣವೂ ಹತ್ತಲಿಲ್ಲ. ಅಷ್ಟರಲ್ಲಿ ನೆಗೆಣ್ಣಿ ಪರಾತದ ಮೇಲಿಂದ ಆಗಲೇ ತೆಗೆದಿದ್ದ ಬಟ್ಟೆ ಮಡಚುತ್ತ ಮೇಲೆ ಬಂದಳು.

“ಧೂಳಿ ಎಲ್ಲಿಂದ ಬೀಳಬೇಕು? ದಿನಾ ನಾ ಅರಿವಿ ಮುಚ್ಚತೇನಲ್ಲ. ತುಂಬಿದ ನೀರು ತೆರದ ಬಿಟ್ರ ಮನಿಗೆ ಚಲೋ ಅಲ್ಲ.”

“ಸಣ್ಣಾಯಿ, ಆಕಾಶಕ್ಕ ಅರಿವಿ ಮುಚ್ಚೀಯಲ್ಲ ನೀ,” ಎಂದು ಹುಡುಗಿ ಮೆಟ್ಟಿಲ ಮೇಲೆ ತಲೆ ಹಿಡಿದು ಕುಳಿತಳು.

ಸಮಾಧಾನ ಹೇಳಲೆಂದು ಪಕ್ಕದಲ್ಲಿ ಕುಳಿತೆ. ಆದರೂ ಬಾಯಿಂದ ಬಂದದ್ದು ಬೇರೆ ಮಾತು: “ಹಂಗಾರ ಇನ್ನೊಮ್ಮೆ ಬರ್ತೀಯಲ್ಲ?”

ಎರಡನೇ ಸಲ ನೆಗೆಣ್ಣಿಯೇ ಕಾವಲಿಗೆ ನಿಂತಳು. ಕೋಲು ಹಿಡಿದು ಕಾಗೆ ಓಡಿಸುವಳು. “ಹುಡುಗಿ ಪರೀಕ್ಷಾದಾಗ ನೀ ಯಾಕ ಕಾಲ ಹಾಕ್ತಿ?” ಎಂದು ಕಾಗೆಯನ್ನೇ ಬೈಯುವಳು.

ಈ ಸಲ ಮೊಮ್ಮಗಳು ಬಂದಾಗ, ತೆಳು ಕಾಗದ ಸುತ್ತಿದ ಚುಂಬಕಕ್ಕೆ ಕಪ್ಪು ಪುಡಿ ಅಂಟಿತು. ಭೂತಗನ್ನಡಿ ಕೊಟ್ಟು ನನಗೂ ತೋರಿಸಿದಳು. ಅಡ್ಡತಿಡ್ಡ ಚೂರುಗಳ ನಡುವೆ ನಾಲ್ಕಾರು ಗುಂಡನೆಯ ಕಾಳು. ಸಾಸಿವೆಯೇ ಮರಿ ಹಾಕಿದಂತೆ.

“ಬರೂ ದಾರ್ಯಾಗ ಕಾದು ಕರಗಿ ಗುಂಡಗಾಗ್ಯಾವ. ಆದ್ರ ಇವು ನಮ್ಮ ಕುಡಗೋಲಿನ ಕಬ್ಬಿಣನೂ ಇರಬಹುದು, ಆಯಿ. ಜೋಡಿ ನಿಕ್ಕಲ್ ಇದ್ರಷ್ಟ ಮ್ಯಾಲಿಂದು ಅನ್ನಬಹುದು.”

ಕಾಳುಗಳನ್ನು ಬಿಳಿ ಕಾಗದದ ಮೇಲಿಟ್ಟು, ಕಾಲೇಜಿನಿಂದ ತಂದ ಬಾಟಲಿಗಳಿಂದ ಒಂದರ ಮೇಲೊಂದು ಹನಿ ಬಿಟ್ಟಳು. ನಿಕ್ಕಲ್ ಇದ್ದರೆ ಕೆಂಪಾಗುವುದಂತೆ. ಮೂವರೂ ಉಸಿರು ಹಿಡಿದು ಬಗ್ಗಿದೆವು. ಕಾಗದದಲ್ಲಿ ಮೆಲ್ಲಗೆ ಕೆಂಪು ಮೂಡಿತು.

“ಕುಂಕುಮ ಹಚ್ಚಿಕೊಂಡ ಬಂದೈತಿ,” ಎಂದಳು ನೆಗೆಣ್ಣಿ.

ಮೊಮ್ಮಗಳು ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಆ ವಯಸ್ಸಿನಲ್ಲಿ ನನ್ನನ್ನು ಎತ್ತಿದವರು ಬೇರೆ ಯಾರೂ ಇಲ್ಲ. ಉಳಿದ ಪುಡಿಯಲ್ಲಿ ಹಸಿರು ಛಾಯೆಯ ಕಲ್ಲಿನ ಚೂರೂ ಇತ್ತಂತೆ. ಅದನ್ನು ಕಾಲೇಜಿನ ದೊಡ್ಡ ಭೂತಗನ್ನಡಿಯಲ್ಲಿ ನೋಡಬೇಕೆಂದು ಮರುದಿನವೇ ಹೊರಟಳು. ಕೆಲಸ ಒಪ್ಪಿಗೆಯಾಯಿತು. ಇನ್ನು ಪರಾತಕ್ಕಾಗಿ ಬರುವ ಕಾರಣವಿರಲಿಲ್ಲ.

“ಅಕ್ಕಾ, ಪರಾತ ಕೆಳಗ ತರಲೇನು?” ಎಂದು ನೆಗೆಣ್ಣಿ ಕೇಳಿದಳು.

“ಇರ್ಲಿ ಬಿಡು.”

ಆ ದೀಪಾವಳಿಗೆ ಕಣಕವನ್ನು ಬೇರೆ ಪಾತ್ರೆಯಲ್ಲಿ ನಾದಿದೆವು. ಬಸ್ಸಿನ ಹೊತ್ತಿಗೆ ಕಟ್ಟೆ ಬಿಟ್ಟು ಮಾಳಿಗೆ ಹತ್ತತೊಡಗಿದೆ. ಪರಾತಕ್ಕೆ ಒಂದು ತಂಬಿಗೆ ನೀರು ಹಾಕಿ, ಮುಚ್ಚದೆ ಬಿಟ್ಟು, ಧಾರವಾಡದ ರಸ್ತೆ ನೋಡುತ್ತ ನಿಲ್ಲುತ್ತಿದ್ದೆ.