ಗಂಟೆ ಅಕ್ಕನ ದಾರ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಳಾಂಗಣ ಕ್ರೀಡಾಂಗಣದ ಕಪ್ಪು ಗೋಡೆಯ ಪಕ್ಕ, ಎರಡು ಕಂಬಗಳ ನಡುವೆ ಒಬ್ಬಾಕೆ ದಾರ ಕಟ್ಟುತ್ತಿದ್ದಾರೆ. ದಾರಕ್ಕೊಂದು ಪುಟ್ಟ ಗಂಟೆ. ನೆಲ ಒರೆಸುವುದು, ಚೆಂಡಿಗೆ ಗಾಳಿ ತುಂಬುವುದು ಇವರ ಕೆಲಸ. ವಾಲಿಬಾಲ್ ಹುಡುಗಿಯರ ಜಿಗಿತ ಅಳೆಯುವ ದಿನ ಮಾತ್ರ ಇಲ್ಲಿ ಇವರದೇ ದರ್ಬಾರು. ಎಲ್ಲರ ಬಾಯಲ್ಲೂ ಇವರು ‘ಗಂಟೆ ಅಕ್ಕ’.

ಜಿಗಿತ ಅಳೆಯುವುದರಲ್ಲಿ ಏನು ಮಹಾ ಎಂದುಕೊಂಡೇ ಪತ್ರಿಕೆಗೆ ಬರೆಯಲು ನಾನು ಬಂದವನು. ಮೊಣಕಾಲು ಮಡಿಸಿ, ಅರ್ಧ ಕುಳಿತಂತೆ ಅಲುಗಾಡದೆ ನಿಲ್ಲಬೇಕು. ಅಕ್ಕ "ಹೂಂ" ಎಂದ ಕೂಡಲೇ ನೆಟ್ಟಗೆ ಹಾರಿ, ಸೀಮೆಸುಣ್ಣ ಮೆತ್ತಿದ ಬೆರಳಿಂದ ಗೋಡೆ ಮುಟ್ಟಬೇಕು. ಹಾರುವ ಮುನ್ನ ಸೊಂಟ ಇನ್ನಷ್ಟು ಕುಸಿದರೆ ಬೆನ್ನ ಹಿಂದೆ ಕಟ್ಟಿದ ಆ ದಾರಕ್ಕೆ ತಗಲಿ ಗಂಟೆ ಬಡಿಯುತ್ತದೆ. ಆ ಜಿಗಿತ ಲೆಕ್ಕಕ್ಕಿಲ್ಲ.

"ನೀವೂ ಒಂದು ಕೈ ನೋಡಿ ಸಾರ್."

ನೋಡಿದೆ. ಟಿಣ್! ಮತ್ತೆ ಟಿಣ್! ಹಾಳಾದ ಸೊಂಟ ಹೇಳಿದ ಮಾತೇ ಕೇಳುವುದಿಲ್ಲ. ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ.

"ಎಲ್ಲರಿಗೂ ಹಂಗೇ ಸಾರ್. ಹಾರೋಕೆ ಮುಂಚೆ ಮೈ ತಾನಾಗೇ ಒಂಚೂರು ಕುಗ್ಗತ್ತೆ. ಅದ್ರಲ್ಲೇ ಒಂದಿಷ್ಟು ಎತ್ತರ ಪುಕ್ಕಟೆ ಸಿಗತ್ತೆ."

ಪುಕ್ಕಟೆ ಸಿಗುವುದನ್ನು ಬೇಡ ಅನ್ನುವುದೇಕೆ? ತರಬೇತುದಾರರು ಬಿಡಿಸಿ ಹೇಳುತ್ತಾರೆ: ಬಲೆಯ ಮುಂದೆ ಕುಗ್ಗಿ ಏಳುವಷ್ಟು ಪುರುಸೊತ್ತನ್ನು ಎದುರಾಳಿ ಕೊಡುವುದಿಲ್ಲ. ನಿಂತ ಭಂಗಿಯಿಂದಲೇ ಹಾರುವ ಕಸುವು ಯಾರಿಗಿದೆ ಎಂದು ಅವರಿಗೆ ತಿಳಿಯಬೇಕು. ಗಂಟೆ ಮಾತ್ರ ಅಕ್ಕನ ಉಪಾಯ. "ನಮ್ಮನೆ ಬೆಕ್ಕಿಗೆ ತಂದಿದ್ದು. ಕಟ್ಟೋಕೆ ಹೋದ್ರೆ ಪರಚ್ತು, ಇಲ್ಲಿಗೆ ತಂದೆ."

ಇವತ್ತು ತಂಡದಲ್ಲಿ ಉಳಿದಿರುವುದು ಒಂದೇ ಜಾಗ. ಅದಕ್ಕೆ ಒಂದೇ ಎತ್ತರದ ಇಬ್ಬರ ಪೈಪೋಟಿ. ಅವರಲ್ಲೊಬ್ಬಳು ಅಕ್ಕನ ಮಗಳು. ಮೊದಲನೆಯವಳು ಹಾರಿ ಗುರುತು ಮೂಡಿಸಿದ್ದಾಳೆ. ಈಗ ಮಗಳು ಕಾಲು ಮಡಿಸಿ ನಿಲ್ಲುತ್ತಾಳೆ. ಗೆಳತಿಯರ ಕೂಗಾಟ ಮುಗಿಲು ಮುಟ್ಟಿದೆ. ಹಾರುತ್ತಾಳೆ. ಅಬ್ಬಾ! ಆ ಗುರುತಿಗಿಂತ ಮೇಲೆ! "ಶಭಾಷ್!" ಎನ್ನುತ್ತಾರೆ ತರಬೇತುದಾರರು.

ಅಕ್ಕ ಬಟ್ಟೆ ತೆಗೆದುಕೊಂಡು ಮಗಳ ಗುರುತು ಒರೆಸಿಬಿಡುತ್ತಾರೆ.

"ಗಂಟೆ ಬಡೀತು."

"ಯಾರಿಗೂ ಕೇಳಿಸ್ಲಿಲ್ವಲ್ಲಮ್ಮ?" ಎಂದು ತರಬೇತುದಾರರು ಕೇಳುತ್ತಾರೆ.

"ನಂಗೆ ಕೇಳಿಸ್ತು ಸಾರ್."

ಮಗಳು ತಾಯಿಯನ್ನು ದುರುಗುಟ್ಟಿ ನೋಡುತ್ತಾಳೆ. ಮತ್ತೆ ನಿಲ್ಲುತ್ತಾಳೆ, ಹಾರುತ್ತಾಳೆ. ಗಂಟೆ ಸುಮ್ಮನಿದೆ. ಗುರುತು ಮಾತ್ರ ಒಂದು ಬೆರಳು ಕೆಳಗೆ. ಜಾಗ ಕೈತಪ್ಪುತ್ತದೆ. ಹೆತ್ತ ತಾಯಿ ಒಂದು ಸಲ ಸುಮ್ಮನಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ನನಗೆ ಸಿಟ್ಟು ಬರುತ್ತದೆ.

"ಇವತ್ತು ಮನೇಲಿ ಮಾತು ಬಂದ್," ಎಂದು ಅಕ್ಕ ನಗಲು ನೋಡುತ್ತಾರೆ. ನಗು ಬರುವುದಿಲ್ಲ. "ಅವಳು ಆಟ ಬಿಡ್ದಿದ್ರೆ ಸಾಕು ಸಾರ್. ಇನ್ನೇನೂ ಬೇಡ ನಂಗೆ."

ಎಲ್ಲರೂ ಹೊರಟ ಮೇಲೆ ಅಕ್ಕ ದಾರ ಬಿಚ್ಚಲು ಕೈ ಹಾಕುತ್ತಾರೆ. ಬಾಗಿಲವರೆಗೆ ಹೋಗಿದ್ದ ಮಗಳು ತಿರುಗಿ ಬಂದು, ಕಣ್ಣೊರೆಸಿಕೊಂಡು, ಬೆರಳಿಗೆ ಸೀಮೆಸುಣ್ಣ ಮೆತ್ತಿಕೊಳ್ಳುತ್ತಾಳೆ.

"ಬಿಚ್ಬೇಡಮ್ಮ, ಇನ್ನೊಂದ್ಸಲ ಹಾರ್ತೀನಿ."

ಕಾಲು ಮಡಿಸಿ ನಿಂತು, ಗೋಡೆಯನ್ನೇ ನೋಡುತ್ತಾ ಮೆಲ್ಲಗೆ ಹೇಳುತ್ತಾಳೆ:

"ಆಗ ಗಂಟೆ ನಂಗೂ ಕೇಳಿಸಿತ್ತು."